ಒಂಟೆಯೂ ನೊಣವೂ
2009ರ ಏಪ್ರಿಲ್‌ನಲ್ಲಿ ದುಬೈಯಲ್ಲಿ ಹುಟ್ಟಿದ ಇಂಜಾಜ್ ಜಗತ್ತಿನ ಮೊದಲ ತದ್ರೂಪಿ ಒಂಟೆ. ಮಾಂಸಕ್ಕೆಂದು ಕಡಿದಿದ್ದ ಒಂಟೆಯ ಅಂಡಾಶಯದಿಂದ ಜೀವಕೋಶ ತೆಗೆದು ಶೈತ್ಯದಲ್ಲಿಟ್ಟಿದ್ದರು. ಹೊತ್ತು ಹೆತ್ತದ್ದು ಬಾಡಿಗೆ ತಾಯಿ, ಅದೂ ವರ್ಷ ಮೀರಿದ ಬಸಿರು.

ಒಂಟೆಯ ಸೃಷ್ಟಿಯನ್ನು ಗಮನಿಸಲು ಹೇಳುವ ಕುರ್‌ಆನ್, ದೇವರ ಬದಲು ಜನ ಮೊರೆಹೋಗುವವರೆಲ್ಲ ಒಟ್ಟುಗೂಡಿದರೂ ಒಂದು ನೊಣವನ್ನು ಸೃಷ್ಟಿಸಲಾರರು ಎಂದೂ ಹೇಳುತ್ತದೆ. ಇಂಜಾಜ್‌ನಿಂದ ಆ ಮಾತಿಗೆ ಧಕ್ಕೆಯೇ? ನನಗಂತೂ ಹಾಗನ್ನಿಸದು. ಕೋಶ, ಅಂಡಾಣು, ಗರ್ಭ ಎಲ್ಲವೂ ಮೊದಲೇ ಇದ್ದವು. ವಿಜ್ಞಾನಿಗಳು ನ್ಯೂಕ್ಲಿಯಸ್ ಬದಲಿಸಿದರಷ್ಟೆ.

1997ರಲ್ಲೇ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಮನುಷ್ಯರ ತದ್ರೂಪು ಬೇಡ, ಪ್ರಾಣಿ-ಸಸ್ಯಗಳದ್ದು ಜನಹಿತಕ್ಕಾದರೆ, ಷರೀಅತ್ತಿನ ಮಿತಿಯೊಳಗೆ ಆಗಬಹುದು ಎಂದಿತ್ತು. ಈಗ ದುಬೈಯಲ್ಲಿ ಸೌಂದರ್ಯ ಸ್ಪರ್ಧೆಗೂ ಒಂಟೆಗಳನ್ನು ತದ್ರೂಪು ಮಾಡಿಸುತ್ತಾರೆ. ಒಂಟೆಯ ಜೋಲುತುಟಿಯ ಚಂದವೂ ಜನಹಿತದ ಲೆಕ್ಕಕ್ಕೆ ಬರುತ್ತದೋ?