ಕೆಲ್ಲಿಯ ಕಾಡು

ಸಿಡ್ನಿ ನಗರದ ನಕ್ಷೆಯನ್ನು ಬಿಡಿಸಿ ನೋಡಿದರೆ ಕಣ್ಣಿಗೆ ಮೊದಲು ಬೀಳುವುದು ನೀರು. ಸಮುದ್ರವು ತನ್ನ ಬೆರಳುಗಳನ್ನು ಚಾಚಿ ಊರೊಳಗೆಲ್ಲ ತಡವಿ ನೋಡುತ್ತಿರುವಂತೆ ತೋರುತ್ತದೆ. ಆ ಬೆರಳುಗಳಲ್ಲೊಂದು ಪರಮಟ್ಟಾ ನದಿ. ಅದರ ಉತ್ತರ ದಡದ ಹಂಟರ್ಸ್ ಹಿಲ್ ಎಂಬ ಬಡಾವಣೆಯಲ್ಲಿ, ಸಿರಿವಂತರ ಬಂಗಲೆಗಳ ಬೆನ್ನಿಗೆ, ಸುಮಾರು 12 ಎಕರೆಯ ಒಂದು ಕಾಡಿದೆ. ಐವತ್ತು ಲಕ್ಷಕ್ಕೂ ಮಿಗಿಲಾದ ಜನ ವಾಸಿಸುವ ನಗರದಲ್ಲಿ ಅದು ಇದೆಯೆಂದು ತಿಳಿದವರಿಗೆ ಮಾತ್ರ ಅದರ ದಾರಿ ಕಾಣುತ್ತದೆ.

ಒಂದು ನವೆಂಬರಿನ ಭಾನುವಾರ ಬೆಂಗಳೂರಿನ ನಿವೃತ್ತ ಇಂಜಿನಿಯರೊಬ್ಬರು ಅಲ್ಲಿಗೆ ಹೋದರು. ಹೋದರು ಎನ್ನುವುದಕ್ಕಿಂತ ಮಗಳು ಎಳೆದೊಯ್ದಳು ಎನ್ನುವುದೇ ಸರಿ. ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಸೇತುವೆಯನ್ನೂ ಒಪೆರಾ ಭವನವನ್ನೂ ನೋಡಿ ಮುಗಿದಿತ್ತು. ಸೇತುವೆಯ ಕಮಾನನ್ನು ಅವರು ಮೂರು ಸಲ ನೋಡಿ ಮೂರು ಸಲವೂ ಮೆಚ್ಚಿದ್ದರು. ಕಾಡು ಎಂದಾಗ ಮಾತ್ರ ಮುಖ ಸಪ್ಪಗಾಯಿತು.

"ಇಷ್ಟು ದೂರ ಬಂದು ಪೊದೆ ನೋಡಬೇಕೇನಮ್ಮ?" ಎಂದರು.

"ಇಲ್ಲಿ ಕಾಡಿಗೇ ಪೊದೆ ಅಂತಾರೆ ಅಪ್ಪ. ಕೆಲ್ಲೀಸ್ ಬುಷ್ ಅಂದರೆ ಕೆಲ್ಲಿಯ ಕಾಡು. ಬನ್ನಿ, ದೋಣಿಯಲ್ಲಿ ಹೋಗೋಣ."

ನಗರದ ನಡುವಣ ಕಟ್ಟೆಯಿಂದ ಹೊರಟ ದೋಣಿ ಸೇತುವೆಯಡಿ ನುಸುಳಿ ವುಲ್‌ವಿಚ್ ಎಂಬಲ್ಲಿ ಇಳಿಸಿತು. ಅಲ್ಲಿಂದ ಸ್ವಲ್ಪ ದೂರದ ನಡಿಗೆ. ಅಚ್ಚುಕಟ್ಟಾದ ಬೇಲಿಗಳು, ಕತ್ತರಿಸಿದ ಹುಲ್ಲು, ತೊಳೆದು ನಿಲ್ಲಿಸಿದ ಕಾರುಗಳು. ರಸ್ತೆಯ ತುದಿಯಲ್ಲಿ ಕಾಲುದಾರಿಯೊಂದು ಇಳಿಜಾರಿಗೆ ತಿರುಗಿತು. ಹತ್ತು ಹೆಜ್ಜೆ ಇಳಿಯುವಷ್ಟರಲ್ಲಿ ಊರು ಅಳಿಸಿಹೋಯಿತು.

ಇಂಜಿನಿಯರರು ನಿಂತರು. ಮರಳುಗಲ್ಲಿನ ಹಾಸುಬಂಡೆಗಳು ಮೆಟ್ಟಿಲು ಮೆಟ್ಟಿಲಾಗಿ ನದಿಯ ಕಡೆಗೆ ಇಳಿದಿದ್ದುವು. ಬಂಡೆಯ ಬಿರುಕಿನಿಂದಲೇ ಮರಗಳು ಮೇಲೆದ್ದಿದ್ದುವು. ಗಾಳಿಯಲ್ಲಿ ಅವರಿಗೆ ಚೆನ್ನಾಗಿ ಪರಿಚಯವಿದ್ದ ವಾಸನೆ—ನೆಗಡಿ ಬಂದಾಗ ಅವರ ತಾಯಿ ಎದೆಗೆ ಹಚ್ಚುತ್ತಿದ್ದ ನೀಲಗಿರಿ ಎಣ್ಣೆಯದು. ಕೋಲಾರದ ರಸ್ತೆಯ ಬದಿಯಲ್ಲಿ ಸಿಪಾಯಿಗಳಂತೆ ಸಾಲು ನಿಂತ ನೀಲಗಿರಿಯನ್ನು ಅವರು ಎಷ್ಟು ಸಲ ನೋಡಿರಲಿಲ್ಲ! ಅದಕ್ಕೂ ಕೊಡಗಿನ ಕಾಫಿತೋಟದ ಸಿಲ್ವರ್ ಓಕಿಗೂ ತವರು ಈ ಖಂಡ. ನಮ್ಮಲ್ಲಿ ಪಡಿತರ ಉಂಡು ಬೆಳೆದ ಮರ ತವರಿನಲ್ಲಿ ಹೀಗೆ ಡೊಂಕಾಗಿ, ಸ್ವೇಚ್ಛೆಯಾಗಿ, ಕೈಕಾಲು ಚೆಲ್ಲಿ ನಿಲ್ಲುತ್ತದೆಂದು ಅವರು ಊಹಿಸಿರಲಿಲ್ಲ.

ಅದರಲ್ಲೂ ಆಂಗೋಫೊರ ಎಂಬ ಜಾತಿ ನೀಲಗಿರಿಗೆ ದಾಯಾದಿ. ವಸಂತ ಮುಗಿಯುವ ಆ ದಿನಗಳಲ್ಲಿ ಅದು ಹಳೆಯ ತೊಗಟೆಯನ್ನು ಕಳಚುತ್ತದೆ. ಒಳಗಿನ ಕಾಂಡ ಆಗ ತಾನೇ ಎಣ್ಣೆನೀರಾದ ಮಗುವಿನ ಮೈಯಂತೆ ಹೊಂಗೆಂಪಾಗಿ ನುಣ್ಣಗೆ ಹೊಳೆಯುತ್ತದೆ. ಕೊಂಬೆ ಕಾಂಡವನ್ನು ಸೇರುವ ಎಡೆಯಲ್ಲಿ ಮಾತ್ರ ಮುದುಕಿಯ ಮೊಣಕೈಯಂತೆ ಸುಕ್ಕು. ಇಂಜಿನಿಯರರು ಆ ಸುಕ್ಕನ್ನು ಮುಟ್ಟಿ ನೋಡಿದರು. ಮೇಲೆಲ್ಲೋ ಕೂಕಬರ ಹಕ್ಕಿ ಗಹಗಹಿಸಿ ನಕ್ಕಿತು. ಆ ಹಕ್ಕಿಯ ನಗೆಯಲ್ಲಿ ಮರ್ಯಾದೆ ಎಂಬುದು ಎಳ್ಳಷ್ಟೂ ಇಲ್ಲ.

"ಇಂಥ ಜಾಗವನ್ನು ಹೇಗಮ್ಮ ಬಿಟ್ಟರು? ಚದರಡಿಗೆ ಏನು ಬೆಲೆ ಇದ್ದೀತು!" ಎಂದರು. ಉದ್ಯೋಗ ಬಿಟ್ಟರೂ ಉದ್ಯೋಗದ ಕಣ್ಣು ಬಿಡುವುದಿಲ್ಲ.

ಬಂಡೆಯೊಂದರ ಮೇಲೆ ಕುಳಿತು ಮಗಳು ಆ ಕಥೆ ಹೇಳಿದಳು. ಕೆಳಗೆ ನದಿತೀರದಲ್ಲಿ ಕೆಲ್ಲಿ ಎಂಬಾತನ ತವರ ಕರಗಿಸುವ ಕಾರ್ಖಾನೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಡೆದುಬಂದಿತ್ತು. ಹೊಗೆಗೂ ಮನೆಗಳಿಗೂ ನಡುವೆ ಅಂತರವಿರಲೆಂದು ಮೇಲಿನ ಕಾಡನ್ನು ಹಾಗೆಯೇ ಬಿಟ್ಟಿದ್ದರು. ವಿಚಿತ್ರವೆಂದರೆ ಇದೇ: ಕಾಡನ್ನು ಅಷ್ಟು ಕಾಲ ಕಾಪಾಡಿದ್ದು ಹೊಗೆ! 1960ರ ದಶಕದಲ್ಲಿ ಕಾರ್ಖಾನೆ ಬೇರೆಡೆಗೆ ಹೋಯಿತು. ಹೊಗೆ ಹೋದದ್ದೇ ತಡ, ಗೃಹನಿರ್ಮಾಣದ ದೊಡ್ಡ ಸಂಸ್ಥೆಯೊಂದು ನಕ್ಷೆ ಹಿಡಿದು ಬಂದಿತು.

1970ರಲ್ಲಿ ಆ ಬಡಾವಣೆಯ 13 ಮಂದಿ ಹೆಂಗಸರು ಒಂದುಗೂಡಿದರು. ಹೋರಾಟದ ಗಂಧವಿಲ್ಲದ, ಮನೆ ಮಕ್ಕಳೆಂದಿದ್ದವರು. ನಗರಸಭೆಗೆ ಹೋದರು, ಶಾಸಕರನ್ನು ಕಂಡರು, ರಾಜ್ಯದ ಮುಖ್ಯಮಂತ್ರಿಯವರೆಗೆ ಮೊರೆಯಿಟ್ಟರು. ಎಲ್ಲ ಬಾಗಿಲೂ ಮುಚ್ಚಿದ ಮೇಲೆ 1971ರಲ್ಲಿ, ತಮ್ಮ ಅಂತಸ್ತಿನವರು ಸಾಮಾನ್ಯವಾಗಿ ತುಳಿಯದ ಒಂದು ಬಾಗಿಲನ್ನು ತಟ್ಟಿದರು. ಅದು ಕಟ್ಟಡ ಕೂಲಿಕಾರರ ಸಂಘ. ಅದರ ಕಾರ್ಯದರ್ಶಿ ಜಾಕ್ ಮಂಡಿ ಕಮ್ಯೂನಿಸ್ಟ್. ಇವರೋ ಬಂಗಲೆಗಳ ಗೃಹಿಣಿಯರು. ಊರಿನ ಜನ ನಿಮ್ಮೊಡನೆ ಇದ್ದಾರೆಂದು ತೋರಿಸಿ ಎಂದಿತು ಸಂಘ. ಸಭೆ ಕರೆದರು, ಸುಮಾರು 600 ಮಂದಿ ಬಂದರು. ಆ ನೆಲದಲ್ಲಿ ತಮ್ಮವರು ಯಾರೂ ಗುದ್ದಲಿ ಹಾಕುವುದಿಲ್ಲವೆಂದು ಸಂಘ ಸಾರಿತು. ಬೇರೆ ಕೂಲಿಗಳನ್ನು ತರುತ್ತೇವೆಂದು ಸಂಸ್ಥೆ ಹೆದರಿಸಿದಾಗ, ಅದೇ ಸಂಸ್ಥೆಯ ಇನ್ನೊಂದು ಕಟ್ಟಡದಲ್ಲಿ ದುಡಿಯುತ್ತಿದ್ದವರು, ಅಲ್ಲಿ ಒಂದು ಮರ ಬಿದ್ದರೂ ಈ ಅರೆಗಟ್ಟಡ ಕೆಲ್ಲಿಯ ಕಾಡಿನ ಸ್ಮಾರಕವಾಗಿ ಹೀಗೆಯೇ ನಿಲ್ಲುತ್ತದೆ ಎಂದು ಹೇಳಿಕಳುಹಿಸಿದರು.

"ಕೂಲಿಯವರಿಗೆ ಇದರಿಂದ ಏನು ಬಂತು? ಅವರ ದಿನಗೂಲಿ ತಾನೇ ಹೋದದ್ದು?"

"ಅದೇ ಅಪ್ಪ, ಅದಕ್ಕೇ ಇದನ್ನು ಇಲ್ಲಿಯವರು ಇನ್ನೂ ನೆನೆಯುವುದು."

ಇಂಥ ಬಹಿಷ್ಕಾರಕ್ಕೆ ಮುಂದೆ 'ಹಸಿರು ನಿಷೇಧ' ಎಂಬ ಹೆಸರು ಬಂದಿತು. ಸಿಡ್ನಿಯ ಹಳೆಯ ಬಂದರುಕೇರಿ ರಾಕ್ಸ್ ಉಳಿದದ್ದೂ ಇದೇ ಅಸ್ತ್ರದಿಂದ. ಕೆಲ್ಲಿಯ ಕಾಡನ್ನು ಸರಕಾರ ಸಾರ್ವಜನಿಕರಿಗೆಂದು ಕೊಳ್ಳುವುದಾಗಿ ಹೇಳಿದ್ದು 1983ರಲ್ಲಿ. ಸಭೆಗೆ ಅಮ್ಮಂದಿರ ಕೈಹಿಡಿದು ಬಂದಿದ್ದ ಮಕ್ಕಳಿಗೆ ಅಷ್ಟರಲ್ಲಿ ಮೀಸೆ ಬಂದಿರಬೇಕು.

ಇಂಜಿನಿಯರರು ಬಹಳ ಹೊತ್ತು ಮಾತನಾಡಲಿಲ್ಲ. ಕೆಳಗೆ ಮರಗಳ ಸಂದಿಯಲ್ಲಿ ನದಿ, ನದಿಯಾಚೆ ಹಿಂದೆ ಹಡಗು ಕಟ್ಟುತ್ತಿದ್ದ ಕಾಕಟೂ ದ್ವೀಪ.

"ನೀನು ಹೈಸ್ಕೂಲಿನಲ್ಲಿದ್ದೆ," ಎಂದರು ಕೊನೆಗೆ. "ಒಂದು ಬಡಾವಣೆಯ ರಸ್ತೆ ಅಗಲ ಮಾಡಬೇಕಾಗಿತ್ತು. ಎರಡೂ ಬದಿ ಮಳೆಮರ, ಹದಿನೇಳು. ಒಬ್ಬ ಅಜ್ಜಿ ಬಂದಿದ್ದರು. ನಲವತ್ತಮೂರು ಸಹಿ ತಂದಿದ್ದರು. ಕೆಲವು ಹೆಬ್ಬೆಟ್ಟು."

"ಏನು ಹೇಳಿದಿರಿ?"

"ಕೂಡಿ ಅಮ್ಮಾ ಎಂದೆ. ಕಾಫಿ ತರಿಸಿದೆ. ನಕ್ಷೆ ಪಾಸಾಗಿದೆ, ನನ್ನ ಕೈಯಲ್ಲೇನೂ ಇಲ್ಲ ಎಂದೆ. ಅದು ನಿಜವೇ. ಅರ್ಜಿಯನ್ನು ಫೈಲಿಗೆ ಹಾಕಿದೆ." ಸ್ವಲ್ಪ ತಡೆದು, "ಮೇಲಕ್ಕೆ ಕಳಿಸಬಹುದಾಗಿತ್ತು. ಒಂದು ಟಿಪ್ಪಣಿ ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ," ಎಂದರು.

ಮಗಳಿಗೆ ಆ ರಸ್ತೆ ಗೊತ್ತಿತ್ತು. ಆಕೆ ಏನೂ ಹೇಳಲಿಲ್ಲ. ತಂದೆಯನ್ನು ಸಮಾಧಾನಪಡಿಸಲು ಹೊರಡುವ ಮಕ್ಕಳು ಆಗಾಗ ಅವರ ದುಃಖವನ್ನು ಚಿಕ್ಕದು ಮಾಡಿಬಿಡುತ್ತಾರೆ. ಆಕೆ ಹಾಗೆ ಮಾಡದಿದ್ದುದು ಒಳ್ಳೆಯದಾಯಿತು.

ಹಿಂದಿರುಗುವ ದಾರಿಯಲ್ಲಿ ಇಂಜಿನಿಯರರ ಹೆಜ್ಜೆ ನಿಧಾನವಾಯಿತು. ಒಂದೆಡೆ ಬಗ್ಗಿ ಎಳೆಯ ಗಿಡವೊಂದನ್ನು ಕಿತ್ತರು. ಮಗಳು ಗಾಬರಿಯಾಗಿ, "ಅಪ್ಪ, ಇಲ್ಲಿ ಏನೂ ಕೀಳಬಾರದು!" ಎಂದಳು.

"ಇದು ಲಂಟಾನ," ಎಂದರು. "ನಮ್ಮ ಬಂಡೀಪುರವನ್ನು ತಿಂದದ್ದು. ಇಲ್ಲಿಗೂ ಹೊರಗಿನದೇ."

ಅವರು ಹೇಳಿದ್ದು ನಿಜ. ಸಿಡ್ನಿಯ ಕಾಡುಗಳಲ್ಲಿ ಲಂಟಾನವನ್ನು ಕೀಳುವುದಕ್ಕೆಂದೇ ಸ್ವಯಂಸೇವಕರ ತಂಡಗಳು ಇವೆ. ಮಗಳು ಅದನ್ನು ತಿಳಿಸಿದಾಗ, ಅಂಥ ತಂಡಗಳು ಯಾವ ವಾರ ಸೇರುತ್ತವೆ, ಊರಿನವರಲ್ಲದವರನ್ನು ಸೇರಿಸಿಕೊಳ್ಳುತ್ತಾರೆಯೇ, ಕೈಚೀಲ ಅವರೇ ಕೊಡುತ್ತಾರೆಯೇ ಎಂದು ಒಂದರ ಹಿಂದೊಂದು ಪ್ರಶ್ನೆ ಕೇಳಿದರು. ಅವರ ವೀಸಾ ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು.