ತಿರುಗದ ತಿರುಪು

ಯಂತ್ರದಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತು ಸ್ಕ್ರೂ. ಆದರೆ ಅದು ಹಟ ಹಿಡಿದು ಕೂತರೆ ಸಾವಿರಾರು ರೂಪಾಯಿಯ ಯಂತ್ರವೂ ಗುಜರಿಗೆ ಹೋಗುತ್ತದೆ. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ನನಗೆ ಈ ಮಾತು ಹೊಸದಲ್ಲ. ಅದರ ಪೂರ್ತಿ ಅರ್ಥ ತಿಳಿದದ್ದು ಮಾತ್ರ ಮೀನು ಹಿಡಿಯುವ ರೀಲುಗಳು ನನ್ನ ಮೇಜಿಗೆ ಬರತೊಡಗಿದ ಮೇಲೆ.

ಮೊಬೈಲ್ ಬಂದ ನಂತರ ಗಡಿಯಾರ ಹಿಡಿದು ಬರುವವರು ಕಡಿಮೆಯಾದರು. ಅದೇ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಗಾಳದ ಹುಚ್ಚು ಹೆಚ್ಚಿತು. ಉಳ್ಳಾಲ, ಬೆಂಗ್ರೆ, ಸುರತ್ಕಲ್, ಮಲ್ಪೆ ಎಲ್ಲಿ ಹೋದರೂ ಸಂಜೆ ಹೊತ್ತು ಕಲ್ಲುಗಳ ಮೇಲೆ ಉದ್ದದ ಕೋಲು ಹಿಡಿದು ನಿಂತವರನ್ನು ಕಾಣಬಹುದು. ಕೊಲ್ಲಿಯಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಅತ್ತರು, ಕಂಬಳಿಗಳ ಜೊತೆ ಒಂದು ರೀಲೂ ಬರುತ್ತಿತ್ತು. ಅದು ಕೆಟ್ಟಾಗ ಸಣ್ಣ ಸ್ಕ್ರೂಡ್ರೈವರ್ ಇರುವವನ ಬಳಿ ಬರುವುದು ಸಹಜ. ಗಡಿಯಾರಕ್ಕೂ ರೀಲಿಗೂ ಹಳೆಯ ನಂಟೂ ಇದೆ. ಸ್ವೀಡನ್ನಿನ ಹೆಸರಾಂತ ಆಬು ರೀಲು ಕಂಪೆನಿ 1921ರಲ್ಲಿ ಹುಟ್ಟಿದ್ದು ಗಡಿಯಾರದ ಕಾರ್ಖಾನೆಯಾಗಿ. ಅದರ ಹೆಸರಿನಲ್ಲಿರುವ ‘ಉ’ ಅಕ್ಷರವೇ ಗಡಿಯಾರವನ್ನು ಹೇಳುತ್ತದೆ.

ಕೆಲವು ವರ್ಷಗಳ ಹಿಂದೆ, ಜೂನ್ ಕೊನೆಯಲ್ಲಿ, ಬೆಂಗ್ರೆಯ ಕಡೆಯವರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ರೀಲೊಂದನ್ನು ಸುತ್ತಿಕೊಂಡು ಬಂದರು. ಹಿಂದೆ ಟ್ರಾಲ್ ಬೋಟಿನಲ್ಲಿ ದುಡಿದವರು. ಬೆನ್ನಿಗೆ ಪೆಟ್ಟು ಬಿದ್ದ ಮೇಲೆ ಕಡಲಿಗಿಳಿಯಲಾಗದೆ ಅಳಿವೆಬಾಗಿಲಿನ ಕಲ್ಲಿನ ಮೇಲೆ ನಿಂತು ಗಾಳ ಹಾಕುತ್ತಿದ್ದರು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಮಾರುಕಟ್ಟೆಯಲ್ಲಿ ತಾಜಾ ಮೀನು ಕಡಿಮೆ, ದರ ಮೇಲೆ. ಉಳಿದವರಿಗೆ ಗಾಳ ಹವ್ಯಾಸ. ಅವರಿಗೆ ಆ ಎರಡು ತಿಂಗಳು ವರ್ಷದ ಸಂಪಾದನೆಯ ದೊಡ್ಡ ಪಾಲು. ಶಾಲೆ ಶುರುವಾಗುವ ಕಾಲವೂ ಅದೇ ತಾನೇ.

‘‘ಇಚ್ಚಾ, ಇದು ತಿರುಗುವುದೇ ಇಲ್ಲ. ಅಂಗಡಿಯವ ಹೊಸತು ತೆಗೊಳ್ಳಿ ಅಂತಾನೆ. ಐದು ಸಾವಿರ ಎಲ್ಲಿಂದ ತರುವುದು ಮಾರಾಯ್ರೇ?’’

ರೀಲಿನ ಒಳಗೆ ಏನೋ ಕಚ್ಚಿಕೊಂಡಿತ್ತು. ಒಳಗೆ ನೋಡಬೇಕಾದರೆ ಪಕ್ಕದ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಬೇಕು. ನಾಲ್ಕೂ ಅಲುಗಾಡುತ್ತಿರಲಿಲ್ಲ. ಒಂದರ ತಲೆಯನ್ನಂತೂ ಯಾರೋ ಮೊದಲೇ ತಿರುಗಿಸಲು ಹೋಗಿ ಬಟ್ಟಲಿನಂತೆ ಸವೆಸಿದ್ದರು.

ಇಂಥಲ್ಲಿ ‘ತುಕ್ಕು ಹಿಡಿದಿದೆ’ ಎನ್ನುವುದು ವಾಡಿಕೆ. ನಿಜವಾಗಿ ಅದು ತುಕ್ಕಲ್ಲ. ರೀಲಿನ ಮೈ ಅಲ್ಯೂಮಿನಿಯಂ, ಸ್ಕ್ರೂ ಸ್ಟೀಲು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ತಯಾರಾಗುತ್ತದೆ. ಸ್ಟೀಲು ಉಳಿಯುತ್ತದೆ, ಅಲ್ಯೂಮಿನಿಯಂ ಕರಗಿ ಬಿಳಿ ಹಿಟ್ಟಾಗುತ್ತದೆ. ಆ ಹಿಟ್ಟಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಎಳೆಗಳ ಸಂದಿಯಲ್ಲಿ ಜಾಗವೆಲ್ಲಿ? ಹಾಗಾಗಿ ಅದು ಸ್ಕ್ರೂವನ್ನು ನಾಲ್ಕೂ ಕಡೆಯಿಂದ ಅದುಮಿ ಹಿಡಿಯುತ್ತದೆ. ಇದು ತಿಳಿದವನು ಮೊದಲು ಬಲ ಹಾಕುವುದಿಲ್ಲ, ಕಾಯುತ್ತಾನೆ.

ನಾನು ರೀಲನ್ನು ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ನೆನೆಸಿಟ್ಟೆ. ಉಪ್ಪು ಕರಗಲಿ ಎಂದು. ಒಣಗಿದ ಮೇಲೆ ಪ್ರತಿ ಸ್ಕ್ರೂವಿನ ಬುಡಕ್ಕೆ ಸಂದಿಗಿಳಿಯುವ ಎಣ್ಣೆಯ ಒಂದೊಂದು ಹನಿ ಬಿಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಅವರು ಬಾಗಿಲಲ್ಲಿದ್ದರು. ‘‘ಆಯ್ತಾ?’’ ಇಲ್ಲ ಎಂದೆ. ಅವರು ಹೊರಗಿನ ಬೆಂಚಿನಲ್ಲಿ ಕೂತು ಮಳೆ ನೋಡಿದರು. ಆ ದಿನದ ಮೀನು ಹೋಯಿತೆಂದು ಅವರ ಮುಖವೇ ಹೇಳುತ್ತಿತ್ತು. ಅಂಥ ಮುಖ ಎದುರಿಗಿರುವಾಗ ಆತುರ ಪಡದಿರುವುದು ಈ ಕೆಲಸದ ಅತ್ಯಂತ ಕಷ್ಟದ ಭಾಗ. ಮತ್ತೊಮ್ಮೆ ಎಣ್ಣೆ ಬಿಟ್ಟೆ.

ಇನ್ನು ಸ್ಕ್ರೂಡ್ರೈವರಿನ ಮಾತು. ನಾವು ‘ಸ್ಟಾರ್’ ಎಂದು ಕರೆಯುವ ಕೂಡುಗೆರೆಯ ತಲೆಗಳೆಲ್ಲ ಒಂದೇ ಅಲ್ಲ. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ತಲೆ ಒಂದು ಬಗೆ. ಅದರ ಗೋಡೆಗಳು ಇಳಿಜಾರು. ಬಲ ಹೆಚ್ಚಾದರೆ ಸ್ಕ್ರೂಡ್ರೈವರ್ ತಾನಾಗಿ ಮೇಲೆದ್ದು ಜಾರುತ್ತದೆ. ಜಪಾನಿನ ರೀಲುಗಳಲ್ಲಿರುವುದು ಅವರದೇ ಅಳತೆಯ ತಲೆ. ನೋಟಕ್ಕೆ ಹಾಗೆಯೇ, ಆದರೆ ಫಿಲಿಪ್ಸ್ ತುದಿ ಅದರ ತಳ ಮುಟ್ಟುವುದಿಲ್ಲ. ಮೇಲೆ ಮೇಲೆ ಕೂತು, ತಿರುಗಿಸಿದೊಡನೆ ಜಾರಿ, ತಲೆಯನ್ನು ಕೆರೆದುಹಾಕುತ್ತದೆ. ಸ್ಕ್ರೂ ಕೆಟ್ಟಿತೆಂದು ನಾವು ಬೈಯುತ್ತೇವೆ. ಕೆಡಿಸಿದ್ದು ಹೊಂದದ ತುದಿ.

ಸರಿಯಾದ ತುದಿ ಹಾಕಿ, ಮೇಲಿನಿಂದ ಬಲವಾಗಿ ಒತ್ತಿ, ಸಣ್ಣ ಸುತ್ತಿಗೆಯಿಂದ ಹಿಡಿಯ ಮೇಲೆ ಎರಡು ಏಟು ಕೊಟ್ಟೆ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೇ ತಿರುಗಿಸಬೇಕು. ಆಗ ಒಳಗಿನ ಹಿಟ್ಟಿನ ಹಿಡಿತ ಒಡೆಯುತ್ತದೆ. ಶಕ್ತಿಯ ಮುಕ್ಕಾಲು ಪಾಲು ಒತ್ತುವುದಕ್ಕೆ, ಕಾಲು ಪಾಲು ತಿರುಗಿಸುವುದಕ್ಕೆ. ಮೊದಲನೆಯದು ‘ಕಟ್’ ಎಂದಿತು. ಎಲುಬು ಮುರಿದಂಥ ಸದ್ದು. ಅವರು ಬೆಂಚಿನಿಂದ ಎದ್ದು ಬಂದರು. ಎರಡನೆಯದು, ಮೂರನೆಯದೂ ಬಂತು.

ಉಳಿದದ್ದು ಬಟ್ಟಲಾದ ತಲೆ. ಸೈಕಲ್ ಟ್ಯೂಬಿನ ತುಂಡು ಅಡ್ಡವಿಟ್ಟು ತಿರುಗಿಸಿದೆ, ಹಿಡಿಯಲಿಲ್ಲ. ಗ್ಯಾರೇಜಿನವರು ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟ್ ಹಚ್ಚಿದೆ. ಅದರ ಹರಳುಗಳು ತುದಿ ಜಾರದಂತೆ ಮಾಡುತ್ತವೆ. ಸ್ವಲ್ಪ ಹಿಡಿಯಿತು, ಮತ್ತೆ ಜಾರಿತು. ಎಣ್ಣೆ ಚೆನ್ನಾಗಿ ಒರೆಸಿ, ಬೆಸುಗೆ ಕಡ್ಡಿಯ ತುದಿಯನ್ನು ಸ್ಕ್ರೂವಿನ ತಲೆಗೆ ಒತ್ತಿ ಹಿಡಿದೆ. ಕಾಯುವಾಗ ಎರಡು ಲೋಹಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಕಾದು ಆರುವಷ್ಟರಲ್ಲಿ ಹಿಡಿತ ಸಡಿಲವಾಗುವುದುಂಟು. ಬೆಂಕಿಯನ್ನು ಮಾತ್ರ ತೋರಿಸಬಾರದು. ಒಳಗಿನ ಪ್ಲಾಸ್ಟಿಕ್, ಗ್ರೀಸ್ ಹಾಳಾಗುತ್ತದೆ. ಮೂರು ಸಲ ಕಾಯಿಸಿದೆ. ಅದು ಜಪ್ಪಯ್ಯ ಅನ್ನಲಿಲ್ಲ.

ತಲೆ ಹೊರಗಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಗೆರೆ ಕೊಯ್ದು ಚಪ್ಪಟೆ ಸ್ಕ್ರೂಡ್ರೈವರ್ ಹಾಕಬಹುದಿತ್ತು. ಇದು ಮುಚ್ಚಳದ ಗುಳಿಯೊಳಗೆ ಇಳಿದಿತ್ತು. ಉಳಿದದ್ದು ಡ್ರಿಲ್. ಸ್ಕ್ರೂವಿನೊಳಗೆ ತೂತು ಕೊರೆದು ಎಕ್ಸ್‌ಟ್ರಾಕ್ಟರ್ ಇಳಿಸುವವರಿದ್ದಾರೆ. ಇಷ್ಟು ಸಣ್ಣ ಸ್ಕ್ರೂವಿನಲ್ಲಿ ಅದು ಮುರಿದರೆ ಆ ಗಟ್ಟಿ ಉಕ್ಕನ್ನು ಡ್ರಿಲ್ಲೂ ಕೊರೆಯದು. ನಾನು ತಲೆಯನ್ನಷ್ಟೇ ಕೊರೆದು ತೆಗೆಯಲು ನಿಶ್ಚಯಿಸಿದೆ. ಅವರನ್ನು ಕೇಳಿದೆ, ‘‘ಕೈ ಜಾರಿದರೆ ಮುಚ್ಚಳ ಹೋಗ್ತದೆ. ಮಾಡಲಾ?’’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘‘ಈಗ ಇದು ಬರೀ ಕಲ್ಲು ಇಚ್ಚಾ. ಮಾಡಿ.’’

ನಡುವಿಗೆ ಚುಕ್ಕೆ ಹೊಡೆದು, ನಿಧಾನ ವೇಗದಲ್ಲಿ ಕೊರೆದೆ. ತಲೆ ಉಂಗುರದಂತೆ ಕಳಚಿ ಡ್ರಿಲ್ಲಿನ ತುದಿಯಲ್ಲಿ ತಿರುಗಿತು. ತಲೆ ಹೋದೊಡನೆ ಮುಚ್ಚಳ ಎದ್ದುಬಂತು. ಹೊರಗೆ ನಿಂತಿದ್ದ ಮೊಂಡು ಕಡ್ಡಿಗೆ ಇಕ್ಕಳ ಹಾಕಿದರೆ ಎರಡು ಸುತ್ತಿಗೆ ಸಲೀಸಾಗಿ ಬಂದುಬಿಟ್ಟಿತು! ಮುಚ್ಚಳದ ಬಿಗಿತ ಹೋದ ಮೇಲೆ ಅದಕ್ಕೆ ಹಟ ಹಿಡಿಯಲು ಕಾರಣವೇ ಉಳಿದಿರಲಿಲ್ಲ. ಒಳಗೆ ಕೆಟ್ಟಿದ್ದದ್ದು ಒಂದೇ ಒಂದು ಬೇರಿಂಗ್. ಅದೇ ಅಳತೆಯದು ಮಂಗಳೂರಿನ ಬೇರಿಂಗ್ ಅಂಗಡಿಯಲ್ಲಿ ಸಿಕ್ಕಿತು. ಮೂರನೆಯ ದಿನ ಸಂಜೆ ಅವರು ರೀಲು ಒಯ್ದರು. ಜುಲೈ ಪೂರ್ತಿ ಬಾಕಿ ಇತ್ತು.

ಅಂಗಡಿಯವ ಹೇಳಿದ್ದರಲ್ಲಿ ಸುಳ್ಳಿಲ್ಲ. ಅವನ ಲೆಕ್ಕದಲ್ಲಿ ಮೂರು ದಿನದ ಕೂಲಿಗಿಂತ ಹೊಸ ರೀಲೇ ಸುಲಭ. ಆದರೆ ‘ಎಸೆದು ಹೊಸತು ತೆಗೊಳ್ಳಿ’ ಎಂಬ ಮಾತು ಐದು ಸಾವಿರ ಇದ್ದವನಿಗೆ ಹೇಳುವ ಮಾತು. ಇಲ್ಲದವನಿಗೆ ಅದರ ಅರ್ಥ ‘ನೀನು ಕೆಲಸ ಬಿಡು’ ಎಂದು. ರಿಪೇರಿ ಮಾಡುವವರು ಪೇಟೆಯಿಂದ ಒಬ್ಬೊಬ್ಬರಾಗಿ ಕಾಣೆಯಾಗುವಾಗ ನಷ್ಟ ಯಾರಿಗೆ ಎಂಬುದನ್ನು ನಾವು ಯೋಚಿಸಬೇಕು.

ನಿಮ್ಮಲ್ಲಿ ರೀಲು ಇದ್ದರೆ ಒಂದು ಮಾತು. ಕಡಲಿನಿಂದ ಬಂದೊಡನೆ ಸಿಹಿನೀರನ್ನು ಮೆಲ್ಲಗೆ ಸುರಿದು ಒರೆಸಿಡಿ. ಪೈಪಿನಿಂದ ಜೋರಾಗಿ ನೀರು ಹಾಯಿಸಿದರೆ ಉಪ್ಪು ಒಳಗೇ ಹೋಗುತ್ತದೆ. ವರ್ಷಕ್ಕೊಮ್ಮೆ ಸ್ಕ್ರೂಗಳನ್ನು ಬಿಚ್ಚಿ, ಎಳೆಗಳಿಗೆ ತೆಳುವಾಗಿ ಗ್ರೀಸ್ ಸವರಿ ಮತ್ತೆ ಹಾಕಿ. ಎರಡು ಲೋಹಗಳ ನಡುವೆ ಉಪ್ಪುನೀರು ನುಗ್ಗಲು ಅದು ಬಿಡುವುದಿಲ್ಲ. ಮತ್ತೆ ಬಿಗಿಯುವಾಗ ಎರಡು ಬೆರಳಿನ ಬಲ ಸಾಕು. ಮುಂದೊಂದು ದಿನ ಅದನ್ನು ಬಿಚ್ಚಬೇಕಾದವರು ಯಾರೋ, ಅವರ ಬಗ್ಗೆಯೂ ಸ್ವಲ್ಪ ಕರುಣೆ ಇರಲಿ.