ಗದರಿದರೆ ಹೋಗದ ಭಯ
ಬೀದಿಯಲ್ಲಿ ಯಾರೋ ದೊಣ್ಣೆಯಿಂದ ಬಡಿದ ಮೇಲೆ ನಮ್ಮ ಕರಿಯ ಹೊಸಬರನ್ನು ಕಂಡರೆ ಮಂಚದಡಿ ಸೇರಿ ಗುರುಗುಟ್ಟುತ್ತಿದ್ದ. ‘ಊರಾಚೆ ಬಿಟ್ಟು ಬನ್ನಿ’ ಎಂದರು ನೆರೆಯವರು. ಮಗಳು ಒಪ್ಪಲಿಲ್ಲ.

ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿಗೆ ಇಷ್ಟದ ತಿಂಡಿ ಕೊಡುತ್ತಾ, ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದ್ದನ್ನು ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲೇ ಬರೆದಿದ್ದರು. ನಾವೂ ಅದೇ ದಾರಿ ಹಿಡಿದೆವು. ಮಗಳ ಗೆಳತಿ ಗೇಟಿನಾಚೆ, ಕರಿಯ ಬೆದರದಷ್ಟು ದೂರದಲ್ಲಿ, ಮುಖ ತಿರುಗಿಸಿ ನಿಲ್ಲುವಳು. ಅವಳು ಕಂಡೊಡನೆ ಕರಿಯನಿಗೆ ಬೇಯಿಸಿದ ಮೊಟ್ಟೆಯ ತುಂಡು. ಅವನು ನಿರಾಳವಾಗಿದ್ದರೆ ಮರುದಿನ ಒಂದು ಹೆಜ್ಜೆ ಮುಂದೆ, ಬೆದರಿದರೆ ಎರಡು ಹೆಜ್ಜೆ ಹಿಂದೆ. ಗುರುಗುಟ್ಟಿದರೆ ಗದರುವಂತಿಲ್ಲ, ಅದು ಎಚ್ಚರಿಕೆ. ಅಡಗಿಸಿದರೆ ನಾಯಿ ಹೇಳದೆಯೇ ಕಚ್ಚೀತು.

ಮೂರು ತಿಂಗಳಾದ ಮೇಲೆ ಕರಿಯ ತಾನಾಗಿಯೇ ಹೋಗಿ ಅವಳ ಕೈ ಮೂಸಿದ. ಪರೀಕ್ಷೆಗೆ ನಡುಗುವ ಮಕ್ಕಳಿಗೂ ಬೇಕಾದುದು ಇಷ್ಟೇ ಅಲ್ಲವೇ?